ಗೊತ್ತಪ್ಪನ ಬೆರಳು ಹೋದ ಕಥೆ

ಡೇರೆ ಹೊಲಿಯುವ ಆ ಕಾರ್ಖಾನೆಯ ಉಗ್ರಾಣದಲ್ಲಿ ಎಣಿಕೆ ಗುಮಾಸ್ತನಾಗಿದ್ದ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಒಂದಿತ್ತು. ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಎಲ್ಲರಿಗೂ ಗೊತ್ತಪ್ಪ. ಯಾರು ಏನು ಹೇಳಲು ಬಾಯಿ ತೆರೆದರೂ ಮಾತು ಅರ್ಧಕ್ಕೆ ಬರುವ ಮೊದಲೇ "ಗೊತ್ತಪ್ಪಾ, ಗೊತ್ತು" ಎಂದು ಕೈ ಆಡಿಸುವುದು ಅವನ ಅಭ್ಯಾಸ. ಒಮ್ಮೆ ಪಕ್ಕದ ಮೇಜಿನವನು "ನಿಮ್ಮ ಪ್ಯಾಂಟಿನ ಹಿಂದೆ..." ಎಂದು ಶುರು ಮಾಡಿದಾಗಲೂ "ಗೊತ್ತಪ್ಪಾ" ಎಂದು, ಹರಿದ ಪ್ಯಾಂಟಿನಲ್ಲೇ ಇಡೀ ಕಾರ್ಖಾನೆ ಸುತ್ತಿ ಬಂದಿದ್ದ. ಆಮೇಲೆ ಅವನಿಗೆ ಏನನ್ನೂ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಇಂಥ ಗೊತ್ತಪ್ಪನಿಗೆ ಆ ವರ್ಷ ನಿಜವಾಗಿ ಗೊತ್ತಿದ್ದ ಸಂಗತಿ ಒಂದೇ. ಅವನ ಕೆಲಸ ಹೋಗುವುದರಲ್ಲಿತ್ತು. ಉಗ್ರಾಣಕ್ಕೆ ಎಣಿಸುವ ಯಂತ್ರ ಬಂದಿತ್ತು. ಎಣಿಸಲು ಇದ್ದ ಇಬ್ಬರಲ್ಲಿ ಒಬ್ಬ ಸಾಕೆಂದು ಹೊಸ ಮ್ಯಾನೇಜರ್ ತೀರ್ಮಾನಿಸಿದ್ದರು. ಇನ್ನೊಬ್ಬ ಚಿಕ್ಕ ವಯಸ್ಸಿನವನು, ಯಂತ್ರ ಅವನು ಹೇಳಿದಂತೆ ಕೇಳುತ್ತಿತ್ತು. ಗೊತ್ತಪ್ಪ ಹತ್ತಿರ ಹೋದರೆ ಅದು ಕೀ ಎಂದು ಅರಚಿಕೊಳ್ಳುತ್ತಿತ್ತು. ಐವತ್ತು ದಾಟಿದ ಮೇಲೆ ಬೀದಿಗೆ ಬಿದ್ದವನನ್ನು ಕೈ ಹಿಡಿದು ಎತ್ತುವವರಿಲ್ಲ ಎಂಬ ಹೆದರಿಕೆಯಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರಿಗೆ ಇನ್ನೊಂದು ಯೋಚನೆ ಹೊಳೆಯಿತು. ದೊಡ್ಡವರಿಗೆ ಯೋಚನೆ ಹೊಳೆದರೆ ಸಣ್ಣವರು ಕೊಡೆ ಹಿಡಿದುಕೊಳ್ಳುವುದು ಒಳ್ಳೆಯದು. ಡೇರೆ ಮಾಡುವವರಿಗೆ ಡೇರೆಯ ಬದುಕೂ ತಿಳಿದಿರಬೇಕು, ಆದ್ದರಿಂದ ಎಲ್ಲರೂ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಒಂದು ದಿನ ಚಾಕುವಿನ ಪಾಠಕ್ಕೆ ಬರಬೇಕು ಎಂದು ಸುತ್ತೋಲೆ ಬಂತು. ಪಾಠದಲ್ಲಿ ಹಿಂದೆ ಬಿದ್ದವರೇ ಮೊದಲು ಮನೆಗೆ ಹೋಗುವವರು ಎಂಬ ಗುಸುಗುಸು ಅದರ ಬೆನ್ನಿಗೇ ಬಂತು.

"ಚಾಕೂನಾ?" ಎಂದು ಗೊತ್ತಪ್ಪ ಚಹಾದ ಹೊತ್ತಿನಲ್ಲಿ ನಕ್ಕ. "ನಮ್ಮ ತಾತ ಬೇಟೆಗಾರ ಕಣ್ರೀ. ನಾನು ತೊಟ್ಟಿಲಲ್ಲೇ ಚಾಕು ಹಿಡಿದೋನು."

ಅವನ ತಾತ ಕೊಡೆ ರಿಪೇರಿ ಮಾಡುತ್ತಿದ್ದರು. ಮೊಮ್ಮಗ ಮನೆಯಲ್ಲಿ ಬ್ರೆಡ್ಡನ್ನೂ ಹೆಂಡತಿಯ ಕೈಲೇ ಕೊಯ್ಯಿಸಿಕೊಂಡು ತಿನ್ನುತ್ತಿದ್ದ. ಆದರೆ ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಸತ್ತ ತಾತನ ಕಸುಬು ಸ್ವಲ್ಪ ಬದಲಾದರೆ ಯಾರಿಗೇನು ನಷ್ಟ?

ಪಾಠ ಹೇಳುವವರು ಒಬ್ಬ ಹೆಂಗಸು. ವಯಸ್ಸಾದವರು, ಗಿಡ್ಡ ಕೂದಲು, ಮೊಣಕಾಲಿನವರೆಗೆ ಬೂಟು, ಮೆಲುದನಿ. ಎಲ್ಲರಿಗೂ ಅವರು ಮೇಡಂ. ಡೇರೆ ಕೊಂಡವರಿಗೆ ಕಾಡಿನಲ್ಲಿ ಹಗ್ಗ ಬಿಗಿಯುವುದು, ಬೆಂಕಿ ಹಾಕುವುದು, ಚಾಕು ಹಿಡಿಯುವುದು ಹೇಗೆಂದು ಕಲಿಸಲು ಕಾರ್ಖಾನೆ ಅವರನ್ನು ಇಟ್ಟುಕೊಂಡಿತ್ತು. ಅವರ ಹತ್ತಿರ ಕಲಿತ ಒಬ್ಬರಿಗೂ ಇದುವರೆಗೆ ಚಾಕು ತಾಗಿರಲಿಲ್ಲ. ಆ ಹೆಂಗಸಿಗಿದ್ದ ಆಸ್ತಿ ಅದೊಂದೇ.

"ಮೊದಲು ಎಲ್ಲರೂ ಕೂತ್ಕೊಳ್ಳಿ," ಎಂದರು ಮೇಡಂ. "ನಿಂತು ಕೆತ್ತಬಾರದು. ಚಾಕು ಮಡಿಸಿಕೊಂಡೇ ಕೈ ಚಾಚಿ ಒಂದು ಸುತ್ತು ತಿರುಗಿ. ಆ ಸುತ್ತಿನೊಳಗೆ ಯಾರಾದ್ರೂ ಇದ್ದರೆ ಚಾಕು ತೆರೀಬೇಡಿ."

"ಗೊತ್ತು ಮೇಡಂ," ಎಂದ ಗೊತ್ತಪ್ಪ.

"ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗ್ಬೇಕು. ಹೆಬ್ಬೆರಳು ಅಲಗಿನ ದಾರೀಲಿ ಇರಬಾರದು."

"ಗೊತ್ತು ಮೇಡಂ."

"ಹರಿತ ಇರೋ ಚಾಕಿಗಿಂತ ಮೊಂಡು ಚಾಕೇ ಅಪಾಯ. ಬಲ ಹಾಕ್ತೀರಿ, ಜಾರುತ್ತೆ."

"ಗೊತ್ತು ಗೊತ್ತು."

ಮೇಡಂ ನೆಲದಿಂದ ಒಂದು ಕಡ್ಡಿ ಎತ್ತಿ ಅವನ ಕಡೆಗೆ ಚಾಚಿದರು. "ಗೊತ್ತಿರೋರು ಬನ್ನಿ. ಈ ಕಡ್ಡೀನ ಚೂಪು ಮಾಡಿ ತೋರಿಸಿ."

ಗೊತ್ತಪ್ಪ ಎದ್ದ. ನಿಂತಲ್ಲೇ ಚಾಕು ತೆರೆದ. ಕೈಯಳತೆಯೊಳಗೆ ಹೊಲಿಗೆ ವಿಭಾಗದ ಹೆಂಗಸರಿಬ್ಬರು, ಕ್ಯಾಶಿಯರ್ ಒಬ್ಬರು ಕೂತಿದ್ದರು. ಅವನು ಕಡ್ಡಿಯ ಒಂದು ತುದಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯಿಂದ ಅಲಗನ್ನು ತನ್ನ ಕಡೆಗೇ ಬಲವಾಗಿ ಎಳೆದ. ಮೇಡಂ ಹೇಳಿದ್ದರಲ್ಲಿ ಅವನು ಮೀರದೆ ಬಿಟ್ಟ ನಿಯಮ ಒಂದೂ ಉಳಿಯಲಿಲ್ಲ. ಕೂತಿದ್ದವರೆಲ್ಲ ಕುರಿಗಳಂತೆ ಹಿಂದಕ್ಕೆ ನುಗ್ಗಿದರು. ಮೇಡಂ ಹಿಂದಿನಿಂದ ಬಂದು ಅವನ ಮಣಿಕಟ್ಟು ಹಿಡಿದು, ಚಾಕು ಬಿಡಿಸಿ ಮಡಿಸಿದರು. ಬೈಯಲಿಲ್ಲ. ಎಲ್ಲರಿಗೂ ಚಹಾ ಕುಡಿದು ಬರಲು ಹೇಳಿ, ಅವನನ್ನು ಮಣಿಕಟ್ಟು ಹಿಡಿದೇ ಸಾಮಾನಿನ ಶೆಡ್ಡಿಗೆ ಕರೆದೊಯ್ದರು. ಚಹಾಕ್ಕೆ ಹೋದವರು ಕಂಡಿದ್ದು ಇಷ್ಟೇ.

"ಇವತ್ತು ನೀವು ಕತ್ತರಿಸೋದು ಬೇಡ," ಎಂದರು ಮೇಡಂ ಶೆಡ್ಡಿನಲ್ಲಿ. "ಮುಂದಿನ ಪಾಠ ಗಾಯಕ್ಕೆ ಕಟ್ಟು ಕಟ್ಟೋದು. ಅದಕ್ಕೆ ಒಬ್ಬ ಗಾಯಾಳು ಬೇಕು. ನೀವು ಆಗ್ತೀರಾ?"

"ಅದೂ ಗೊತ್ತು," ಎಂದ ಗೊತ್ತಪ್ಪ. ಆದರೆ ಮುಖ ಸಣ್ಣದಾಗಿತ್ತು.

ಮೇಡಂ ಅವನ ಎಡಗೈ ತೋರುಬೆರಳನ್ನು ನಡುಗಂಟಿನಲ್ಲಿ ಮಡಿಸಿ, ಹತ್ತಿ ಇಟ್ಟು, ಬಟ್ಟೆ ಸುತ್ತಿ ಕಟ್ಟಿದರು. ಅರ್ಧ ಬೆರಳು ಹಾರಿಹೋದವನ ಕೈ ಹಾಗೆಯೇ ಕಾಣುತ್ತದೆ. ರಕ್ತ ಕಂಡು ಹೆದರದಿರುವುದೂ ಪಾಠದ ಭಾಗವೇ ಎಂದು ಡೇರೆ ಬಟ್ಟೆಗೆ ಹಾಕುವ ಕೆಂಪು ಬಣ್ಣವನ್ನು ಅದರ ಮೇಲೆ ಸುರಿದರು. ನೋಡಿದವರು ನಿಜವಾದ ಗಾಯವೆಂದೇ ನಂಬುವಷ್ಟು ಚೆನ್ನಾಗಿ ಕಟ್ಟು ಬಂದಿತ್ತು. ಮೇಡಂ ಇನ್ನೊಂದು ಬಟ್ಟೆ ಹುಡುಕಲು ಶೆಡ್ಡಿನ ಒಳಕೋಣೆಗೆ ಹೋದರು. ಗೊತ್ತಪ್ಪನಿಗೆ ಚಹಾದ ನೆನಪಾಯಿತು. ಬಾಗಿಲು ದಾಟಿ ಬಯಲಿಗೆ ಬಂದ.

ಮೊದಲು ನೋಡಿದವರು ಕ್ಯಾಶಿಯರ್. ಅವರು ಚಹಾದ ಲೋಟದ ಸಮೇತ ನೆಲಕ್ಕೆ ಒರಗಿದರು. "ಅಯ್ಯಯ್ಯೋ, ಬೆರಳು ಹೋಯ್ತು!" ಎಂದು ಯಾರೋ ಕಿರುಚಿದರು. ಕಾವಲುಗಾರ ಸೀಟಿ ಊದಿದ. ಯಾರು ಊದಲು ಹೇಳಿದರು ಎಂದು ಅವನಿಗೂ ತಿಳಿಯದು.

"ಅಲ್ಲಪ್ಪಾ, ಇದು ಪಾಠಕ್ಕೆ..." ಎಂದ ಗೊತ್ತಪ್ಪ.

"ಮಾತಾಡಬೇಡಿ! ಮಾತಾಡಿದ್ರೆ ರಕ್ತ ಜಾಸ್ತಿ ಹೋಗುತ್ತೆ!"

ಬಟ್ಟೆಯ ಸುರುಳಿ ಸಾಗಿಸುವ ತಳ್ಳುಗಾಡಿಯಲ್ಲಿ ಅವನನ್ನು ಮಲಗಿಸಿ ಓಡಿದರು. ಮೇಡಂ ಬಟ್ಟೆ ಹಿಡಿದು ಹೊರಬರುವಷ್ಟರಲ್ಲಿ ಬಯಲು ಖಾಲಿಯಾಗಿತ್ತು. ಗಾಡಿಯಲ್ಲಿ ಮಲಗಿದ್ದ ಗೊತ್ತಪ್ಪನಿಗೆ, ನಿಜ ಹೇಳಬೇಕೆಂದರೆ, ಹಿತವಾಗಿತ್ತು. ಮದುವೆಯಾದಾಗಿನಿಂದ ಅವನನ್ನು ಯಾರೂ ಎಲ್ಲಿಗೂ ಹೊತ್ತುಕೊಂಡು ಹೋಗಿರಲಿಲ್ಲ.

ಕಾರ್ಖಾನೆಯ ಡಾಕ್ಟರಿಗೆ ರಕ್ತ ಕಂಡರಾಗದು. ಈ ಕಾರಣದಿಂದ ಅವರು ರೋಗಿಗಳನ್ನು ಮೇಜಿನ ಆಚೆ ಬದಿಯಲ್ಲೇ ಕೂರಿಸಿ, ಯಾರಿಗೂ ನೋವಾಗದಂತೆ ದೂರದಿಂದ ಪರೀಕ್ಷಿಸುತ್ತಿದ್ದರು. ಅವರು ಗೊತ್ತಪ್ಪನ ಕೈಯನ್ನು ಓರೆಗಣ್ಣಿನಲ್ಲಿ ನೋಡಿ, "ಎಂಥಾ ಕಟ್ಟು!" ಎಂದರು. "ಯಾರು ಕಟ್ಟಿದ್ದು? ಇದನ್ನ ಯಾರೂ ಮುಟ್ಟಬೇಡಿ."

"ಡಾಕ್ಟ್ರೇ, ಬೆರಳು ಇದೆ."

"ಹಾಗೇ ಅನ್ಸುತ್ತೆ. ಕಳ್ಕೊಂಡೋರಿಗೆಲ್ಲ ಹಾಗೇ ಅನ್ಸೋದು."

"ಒಳಗೆ ಅಲ್ಲಾಡ್ತಿದೆ ಡಾಕ್ಟ್ರೇ."

"ಅಲ್ಲಾಡಿದ ಹಾಗೂ ಅನ್ಸುತ್ತೆ. ತುರಿಕೆ ಬಂದ ಹಾಗೂ ಅನ್ಸುತ್ತೆ. ಧೈರ್ಯ ತಂದ್ಕೊಳ್ಳಿ."

ವೈದ್ಯಶಾಸ್ತ್ರವೇ ಎದುರು ನಿಂತರೆ ಒಂದು ಬೆರಳು ಏನು ತಾನೇ ಮಾಡೀತು? ಆದರೂ ಗೊತ್ತಪ್ಪ ಇನ್ನೊಮ್ಮೆ ಬಾಯಿ ತೆರೆಯುತ್ತಿದ್ದ. ಬಲಗೈಯಿಂದ ಗಂಟಿನ ತುದಿ ಹಿಡಿದೂ ಇದ್ದ. ಅಷ್ಟರಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷರು ಬಾಗಿಲು ತಳ್ಳಿ ಒಳಬಂದರು. ಅವರು ಮೆಲ್ಲಗೆ ಮಾತಾಡಿದ್ದನ್ನು ಅವರ ಹೆಂಡತಿಯೂ ಕೇಳಿರಲಿಲ್ಲ.

"ಕಾರ್ಖಾನೆಗೆ ಬೆರಳು ಕೊಟ್ಟೋರನ್ನ ಇನ್ನು ಯಾರು ಕೆಲಸದಿಂದ ತೆಗೀತಾರೋ ನೋಡ್ತೀನಿ!" ಎಂದು ಗರ್ಜಿಸಿದರು. "ಅಣ್ಣಾ, ನೀವು ನಿಶ್ಚಿಂತೆಯಿಂದಿರಿ. ರಿಟೈರ್ ಆಗೋ ತನಕ ನಿಮ್ಮ ಕುರ್ಚಿ ಮುಟ್ಟೋ ಗಂಡು ಹುಟ್ಟಿಲ್ಲ."

ಗೊತ್ತಪ್ಪ ಗಂಟಿನ ತುದಿಯನ್ನು ಬಿಟ್ಟ. ಬಾಯಿಯನ್ನೂ ಮುಚ್ಚಿದ. ಅವನು ಕೆಟ್ಟವನಲ್ಲ, ಹೆದರಿದವನು. ಲೋಕದಲ್ಲಿ ಕೆಟ್ಟವರಿಗಿಂತ ಹೆದರಿದವರಿಂದಲೇ ಹೆಚ್ಚು ಕೆಡುಕಾಗುತ್ತದೆ.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಕಾರ್ಖಾನೆಯಿಂದ ಒಂದಾಗಿ ಹೊರಟ ಬೆರಳು ಬಸ್ ನಿಲ್ದಾಣದಲ್ಲಿ ಎರಡಾಗಿ, ಅವನ ಬೀದಿಗೆ ಬರುವಾಗ ಮಣಿಕಟ್ಟಿನವರೆಗೆ ಹೋಗಿತ್ತು. ಎದುರು ಮನೆಯಾಕೆ ಅವನ ಕೈ ಇನ್ನೂ ತೋಳಿಗೆ ಅಂಟಿರುವುದನ್ನು ಕಂಡು ಸ್ವಲ್ಪ ನಿರಾಸೆಗೊಂಡರೂ ಬೇಗ ಚೇತರಿಸಿಕೊಂಡರು.

"ಅದೆಲ್ಲ ಇರಲಿ," ಎಂದರು ಆಕೆ. "ಆ ತುಂಡು ಎಲ್ಲಿ? ಏನು ಮಾಡಿದ್ರಿ ಅದನ್ನ?"

ಯಾರಿಗೂ ಹೊಳೆಯದ ಪ್ರಶ್ನೆ ಅದು. ಅಲ್ಲೇ ಇದ್ದ ಸಂಘದವನೊಬ್ಬ ತಲೆ ಮೇಲೆ ಕೈ ಹೊತ್ತು ಕಾರ್ಖಾನೆಯ ಕಡೆಗೆ ಓಡಿದ.

ಗೊತ್ತಪ್ಪನ ಹೆಂಡತಿಯ ಅಣ್ಣನಿಗೆ ಚಪ್ಪಲಿ ಅಂಗಡಿಯಿತ್ತು. ಊರಿನ ಎಲ್ಲ ಕಚೇರಿಗಳಲ್ಲೂ ತನಗೆ ಗುರುತಿನವರಿದ್ದಾರೆ ಎಂದು ಹೇಳಿಕೊಳ್ಳುವ ಮನುಷ್ಯ. ತಂಗಿಯ ಗಂಡನನ್ನು ಕಂಡಾಗಲೆಲ್ಲ "ನನ್ನ ತಂಗಿ ಹಣೇಬರಹ" ಎಂದು ಶುರು ಮಾಡುತ್ತಿದ್ದವರು ಅಂದು ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದು ಬಾಗಿಲಲ್ಲೇ ಅತ್ತರು.

"ಅಲ್ಲಯ್ಯಾ, ನಿನ್ನನ್ನ ನಾನು ಎಷ್ಟು ಆಡ್ಕೊಂಡೆ," ಎಂದು ಹಣ್ಣು ಸುಲಿದು ಸುಲಿದು ಅವನ ಬಾಯಿಗಿಟ್ಟರು.

"ಭಾವ, ನನಗೇನೂ..."

"ತಿನ್ನು. ಮಾತಾಡಬೇಡ. ನಾಳೆ ನಾನೇ ಬಂದು ನಿಮ್ಮ ಮ್ಯಾನೇಜರ್ ಹತ್ರ ಮಾತಾಡ್ತೀನಿ."

ಬಂದವರೆಲ್ಲ ಹೋದ ಮೇಲೆ ಹೆಂಡತಿ ಬಿಸಿನೀರು ತಂದಳು. "ಕೈ ಕೊಡಿ," ಎಂದು ಅತ್ತು ಕೆಂಪಾದ ಕಣ್ಣಿನಲ್ಲೇ ಕಟ್ಟು ಬಿಚ್ಚಿದಳು. ಕೊನೆಯ ಸುತ್ತು ಬಿಚ್ಚಿದಾಗ ಬೆರಳು ಮೆಲ್ಲನೆ ನೆಟ್ಟಗಾಯಿತು. ಕೆಂಪು ಬಣ್ಣ ಹತ್ತಿತ್ತು, ಸುಕ್ಕಾಗಿತ್ತು, ಆದರೆ ಉಗುರಿನ ಸಮೇತ ಪೂರ್ತಿ ಇತ್ತು. ಅವಳು ಬೆರಳನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಬೆರಳನ್ನು ನೋಡಿದಳು.

"ಇದೆ," ಎಂದಳು.

"ಇದೆ," ಎಂದ ಅವನು.

"ಇದೆಯಲ್ಲಾ ಪುಣ್ಯಾತ್ಮ!" ಎಂದು ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಅತ್ತಳು. ಇಡೀ ಕಥೆಯಲ್ಲಿ ಆ ಬೆರಳು ಇದ್ದುದಕ್ಕೆ ಸಂತೋಷಪಟ್ಟವಳು ಅವಳೊಬ್ಬಳೇ. ಆ ಸಂತೋಷವೂ ಬಿಸಿನೀರು ಆರುವಷ್ಟು ಹೊತ್ತು ಉಳಿಯಲಿಲ್ಲ.

"ಕೆಲಸ?" ಎಂದು ಕೇಳಿದಳು.

"ಬೆರಳು ಇಲ್ಲದಿದ್ರೆ ಇರುತ್ತೆ. ಇದ್ರೆ ಇರಲ್ಲ."

ಅವಳು ಎದ್ದು ಹೋಗಿ ಕಿಟಕಿಯ ಪರದೆ ಎಳೆದಳು. ಬಂದು ಕೂತು, ಬೆರಳನ್ನು ನಡುಗಂಟಿನಲ್ಲಿ ಮಡಿಸಿದಳು. "ನಮ್ಮಣ್ಣ ಅತ್ತಿದ್ದು ನಾನು ಇದೇ ಮೊದಲು ನೋಡಿದ್ದು," ಎಂದಳು ಕಟ್ಟುತ್ತಾ. ಮರುದಿನದಿಂದ ಬೆಳಗ್ಗೆ ಗಂಡನ ಊಟದ ಡಬ್ಬಿ ಕಟ್ಟಿದಂತೆ ಬೆರಳನ್ನೂ ಕಟ್ಟಿ ಕಳಿಸುವುದು ಅವಳ ಮನೆಗೆಲಸಗಳಲ್ಲಿ ಒಂದಾಯಿತು.

ಇತ್ತ ಬಯಲಿನಲ್ಲಿ ತುಂಡಿನ ಹುಡುಕಾಟ ನಡೆದಿತ್ತು. ಹೊಲಿಗೆಯವರು, ಬಣ್ಣದವರು, ಕಾವಲುಗಾರ, ಎಲ್ಲರೂ ಬಗ್ಗಿ ಹುಲ್ಲು ಬಗೆದರು. ಕೊನೆಗೆ ಮರದ ಬುಡದಲ್ಲಿ ಇರುವೆ ಮುತ್ತಿದ ಏನೋ ಒಂದು ಸಿಕ್ಕಿತು. ಅದು ಕ್ಯಾರೆಟ್ಟಿನ ತುದಿಯೋ, ಬೇರಿನ ಚೂರೋ, ಯಾರೂ ಬಗ್ಗಿ ನೋಡುವ ಧೈರ್ಯ ಮಾಡಲಿಲ್ಲ. ಡೇರೆಯ ಹೊಸ ಬಟ್ಟೆಯಲ್ಲಿ ಸುತ್ತಿ ಅಲ್ಲೇ ಹೂತರು. ಮೇಲೆ ಒಂದು ಕಲ್ಲು ಇಟ್ಟರು. ಗೊತ್ತಪ್ಪನನ್ನು ಎರಡೂ ಬದಿ ತೋಳು ಹಿಡಿದು ಕರೆತಂದು ಅವನ ಬೆರಳಿನ ಗೋರಿಯ ಮುಂದೆ ನಿಲ್ಲಿಸಿದರು. ಟೋಪಿ ಇದ್ದವರು ಟೋಪಿ ತೆಗೆದರು. ಎಷ್ಟು ಜನ ತನ್ನನ್ನು ಪ್ರೀತಿಸುತ್ತಾರೆ ಎಂದು ಗೊತ್ತಪ್ಪನಿಗೆ ಆವರೆಗೆ ತಿಳಿದಿರಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತ, ಅದರಲ್ಲಿ ನಾಟಕವಿರಲಿಲ್ಲ. ಬಟ್ಟೆಯೊಳಗೆ ಬೆರಳೂ ಬೆವರುತ್ತಿತ್ತು.

ಹೋದದ್ದು ಹೋಯಿತು ಎಂದು ಸುಮ್ಮನಾಗುವುದು ಬಡವರ ಮನೆಯಲ್ಲಿ. ಕಾರ್ಖಾನೆಯಲ್ಲಿ ಏನಾದರೂ ಹೋದರೆ ಅದಕ್ಕೊಬ್ಬ ಕಾರಣಕರ್ತ ಬೇಕು. ಮ್ಯಾನೇಜರ್ ತಮ್ಮ ಕೋಣೆಯಲ್ಲಿ ವಿಚಾರಣೆ ಕರೆದರು. ಒಂದು ಬದಿ ಅಧ್ಯಕ್ಷರು, ಡಾಕ್ಟರು, ಹೇಗೋ ಒಳಗೆ ಬಂದು ಕೂತಿದ್ದ ಭಾವ. ಇನ್ನೊಂದು ಬದಿ ಮೇಡಂ ಒಬ್ಬರೇ. ನಡುವೆ ಗೊತ್ತಪ್ಪ, ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು.

"ನಿಮ್ಮ ಪಾಠದಲ್ಲಿ ಒಬ್ಬರ ಬೆರಳು ಹೋಗಿದೆ," ಎಂದರು ಮ್ಯಾನೇಜರ್. "ಏನು ಹೇಳ್ತೀರಿ?"

"ಹೋಗಿಲ್ಲ," ಎಂದರು ಮೇಡಂ. "ಅದು ಪಾಠಕ್ಕೆ ಅಂತ ನಾನು ಕಟ್ಟಿದ ಕಟ್ಟು. ಮೇಲಿರೋದು ಡೇರೆ ಬಣ್ಣ. ಬಿಚ್ಚಿ ನೋಡಿ."

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ?" ಎಂದು ಅಧ್ಯಕ್ಷರು ಮೇಜು ಗುದ್ದಿದರು. "ಹಸಿ ಗಾಯ ಬಿಚ್ಚು ಅಂತೀರಲ್ಲ, ನಿಮಗೂ ಒಂದು ಮನಸ್ಸಿದೆಯಾ?"

"ಅವರು ಹೊಟ್ಟೆ ಕಡೆಗೆ ಚಾಕು ಎಳೆದಿದ್ದನ್ನ ನಾವೇ ನೋಡಿದ್ದೀವಿ," ಎಂದು ಬಾಗಿಲಿನ ಬಳಿ ನಿಂತಿದ್ದ ಕ್ಯಾಶಿಯರ್ ಹೇಳಿದರು.

"ಹೂತೂ ಆಗಿದೆ," ಎಂದ ಕಾವಲುಗಾರ.

ಮೇಡಂ ಗೊತ್ತಪ್ಪನ ಕಡೆಗೆ ತಿರುಗಿದರು. "ನೀವೇ ಹೇಳಿ ಇವರೇ. ಬೆರಳು ಇದೆಯಾ, ಇಲ್ವಾ?"

ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತಾದ ಗೊತ್ತಪ್ಪ. ಈ ಕಡೆ ಕುರ್ಚಿ, ಆ ಕಡೆ ಮೇಡಂ. ಅರ್ಧ ಸತ್ಯ ಹೇಳಿದರೆ ಅರ್ಧವಾದರೂ ಪಾಪ ಕಳೆದೀತು ಎಂದುಕೊಂಡು, "ಮೇಡಂದು ಏನೂ ತಪ್ಪಿಲ್ಲ ಸಾರ್," ಎಂದ. "ಅವರು ಸರಿಯಾಗೇ ಹೇಳಿಕೊಟ್ರು."

"ನೋಡಿ!" ಎಂದು ಭಾವ ಎದ್ದು ನಿಂತರು. "ಬೆರಳು ಕಳ್ಕೊಂಡೂ ಅವರ ಪರವಾಗೇ ಮಾತಾಡ್ತಾನೆ! ಇಂಥೋನನ್ನ ನಾನು ದಡ್ಡ ಅಂತಿದ್ದೆ!"

"ಅಲ್ಲ, ಬೆರಳು ಎಲ್ಲೂ..."

"ಇದೇ, ಇದೇ," ಎಂದು ಡಾಕ್ಟರು ಮ್ಯಾನೇಜರಿಗೆ ವಿವರಿಸಿದರು. "ನಾನು ಹೇಳಿದ್ದೆನಲ್ಲ, ಇನ್ನೂ ಇದೆ ಅನ್ಸುತ್ತೆ ಅವರಿಗೆ."

ಗೊತ್ತಪ್ಪ ಬಲಗೈಯಿಂದ ಒಂದು ಸಲ ಗಂಟು ಎಳೆದಿದ್ದರೆ ವೈದ್ಯಶಾಸ್ತ್ರ ಅಲ್ಲೇ ನೆಲ ಕಚ್ಚುತ್ತಿತ್ತು. ಅವನು ಎಳೆಯಲಿಲ್ಲ. ಮೇಡಂ ಇನ್ನು ಮುಂದೆ ಪಾಠ ಹೇಳಕೂಡದು, ಕೊನೆಯ ಆದೇಶ ಬಂದ ದಿನ ಶೆಡ್ಡಿನ ಬೀಗದ ಕೈ ಒಪ್ಪಿಸಿ ಹೋಗಬೇಕು ಎಂದಾಯಿತು. ಮೇಡಂ ಅವನನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವನು ಹೇಗೋ ಸಹಿಸುತ್ತಿದ್ದ, ಆದರೆ ಅದರಲ್ಲಿ ಬರೀ ಆಶ್ಚರ್ಯವಿತ್ತು.

ಆಮೇಲೆ ಗೊತ್ತಪ್ಪನಿಗೆ ಸುಖವೋ ಸುಖ. ಉಗ್ರಾಣದಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅವನದಾಯಿತು. ಯಂತ್ರವನ್ನು ಚಿಕ್ಕವನು ನೋಡಿಕೊಂಡ, ಚಿಕ್ಕವನನ್ನು ಗೊತ್ತಪ್ಪ ನೋಡಿಕೊಂಡ. ಊಟದ ಡಬ್ಬಿಯ ಮುಚ್ಚಳವನ್ನು ಬೇರೆಯವರು ತೆಗೆದುಕೊಡುತ್ತಿದ್ದರು. ಆದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊದಲು ಕೆಲಸ ಹೋಗುತ್ತದೆಂದು ಇಳಿಯುತ್ತಿರಲಿಲ್ಲ, ಈಗ ಉಳಿದಿದೆಯೆಂದು ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ತಡೆಯಲಾರದೆ ಎದ್ದು ಶೆಡ್ಡಿಗೆ ಹೋದ.

ಮೇಡಂ ಸ್ಟೂಲಿನ ಮೇಲೆ ಕೂತು ಚಾಕುಗಳನ್ನು ಒಂದೊಂದಾಗಿ ಒರೆಸಿ, ಎಣ್ಣೆ ಸವರಿ, ಮಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಅವನನ್ನು ಕಂಡು ಕೈಯಲ್ಲಿದ್ದ ಚಾಕನ್ನು ಮಡಿಸಿ ಪಕ್ಕಕ್ಕಿಟ್ಟ ಮೇಲೆಯೇ ಮಾತಾಡಿದರು.

"ಮಕ್ಕಳ ಬೇಸಿಗೆ ಶಿಬಿರದವರು ನನ್ನನ್ನ ಕರೆದಿದ್ರು," ಎಂದರು. "ನಿನ್ನೆ ಬೇಡ ಅಂದ್ರು. ಸುದ್ದಿ ಅಲ್ಲಿಗೂ ಹೋಗಿದೆ. ಒಬ್ಬರ ಬೆರಳು ತೆಗೆಸಿದವರ ಕೈಗೆ ಮಕ್ಕಳನ್ನ ಹೇಗೆ ಕೊಡೋದು ಅಂತ ಕೇಳಿದ್ರು. ಅವರು ಕೇಳಿದ್ದೂ ಸರಿ."

ಗೊತ್ತಪ್ಪ ತಲೆ ತಗ್ಗಿಸಿದ.

"ನನಗೆ ಬೇರೆ ಏನೂ ಬರಲ್ಲ ಇವರೇ. ಇದೊಂದೇ ಬರೋದು."

"ಮೇಡಂ, ನಾಳೆ ಎಲ್ಲರ ಮುಂದೆ ಬಿಚ್ತೀನಿ," ಎಂದ ಅವನು. "ನನ್ನ ಆಣೆ. ಕೆಲಸ ಹೋದ್ರೆ ಹೋಗ್ಲಿ."

ಮೇಡಂ ನಂಬಿದರೋ ಬಿಟ್ಟರೋ. ಮುಂದಿನ ಚಾಕು ಕೈಗೆತ್ತಿಕೊಂಡರು.

ಮರುದಿನ ಅದೇ ಕೋಣೆ, ಅವೇ ಮುಖಗಳು. ಮೇಡಂ ಬೀಗದ ಕೈ ಒಪ್ಪಿಸಲು ಬಂದಿದ್ದರು. ಮ್ಯಾನೇಜರ್ ಆದೇಶ ಓದಲು ಕನ್ನಡಕ ಹಾಕಿಕೊಳ್ಳುತ್ತಿದ್ದಾಗ ಗೊತ್ತಪ್ಪ ಎದ್ದು ನಿಂತ. ಬಾಯಿಯ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ, ಅದಕ್ಕೇ ಮಾತಾಡಲಿಲ್ಲ. ಗಂಟು ಎಳೆದ. ಬಟ್ಟೆ ಸುತ್ತು ಸುತ್ತಾಗಿ ಮೇಜಿನ ಮೇಲೆ ಬಿತ್ತು, ಹತ್ತಿ ಉದುರಿತು. ಅವನು ತೋರುಬೆರಳನ್ನು ನೆಟ್ಟಗೆ ಮಾಡಿ ಎಲ್ಲರ ಮುಖದ ಮುಂದೆ ಹಿಡಿದ. ಬಾಗಿ ಬಾಗಿ ಅಭ್ಯಾಸವಾಗಿ ಅದು ಪೂರ್ತಿ ನೆಟ್ಟಗಾಗಲಿಲ್ಲ. ಆದರೆ ಅದು ಬೆರಳು ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯುವಂತಿರಲಿಲ್ಲ.

ಡಾಕ್ಟರು ಒಮ್ಮೆ ನೋಡಿ, ಆಮೇಲೆ ಕಿಟಕಿಯಾಚೆ ನೋಡತೊಡಗಿದರು. ಮ್ಯಾನೇಜರ್ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು.

"ಇದನ್ನ ಬೇರೆ ಯಾರಾದ್ರೂ ನೋಡಿದಾರಾ?" ಎಂದು ಕೇಳಿದರು.

"ಬೆರಳು ಇದೆ ಸಾರ್," ಎಂದ ಗೊತ್ತಪ್ಪ.

"ಅದು ಕಾಣ್ತಿದೆ. ಯಾರು ನೋಡಿದಾರೆ ಅಂತ ಕೇಳಿದೆ."

"ಅಲ್ಲಣ್ಣಾ, ಆ ಬೆರಳಿಗೋಸ್ಕರ ನಾನು ಒಂದು ದಿನ ಮುಷ್ಕರ ಮಾಡಿಸಿ ಕಾರ್ಖಾನೆ ನಿಲ್ಲಿಸಿದ್ದೆ," ಎಂದರು ಅಧ್ಯಕ್ಷರು. ಆ ದಿನ ಮೊದಲ ಬಾರಿಗೆ ಅವರ ದನಿ ಮೆಲ್ಲಗಿತ್ತು. "ಹೊರಗೆ ಜನ ನನ್ನನ್ನ ಹೆಗಲ ಮೇಲೆ ಹೊತ್ಕೊಂಡಿದಾರೆ. ಈಗ ಬೆರಳಿದೆ ಅಂದ್ರೆ ಅದೇ ಹೆಗಲಿಂದ ಎತ್ತಿ ಎಸೀತಾರೆ."

"ನಾನು ಮೇಲಿನೋರಿಗೆ ತಿಳಿಸಿದ್ದೀನಿ," ಎಂದರು ಮ್ಯಾನೇಜರ್. "ತಕ್ಷಣ ಕ್ರಮ ತಗೊಂಡೆ ಅಂತ ನನ್ನನ್ನ ಹೊಗಳಿದ್ರು. ಸಭೇಲಿ ಆ ಬೆರಳಿಗಾಗಿ ಎಲ್ಲರೂ ಎದ್ದು ನಿಂತ್ರಂತೆ."

"ನಾನು ಅತ್ತಿದ್ದೀನಿ ಕಣಯ್ಯಾ," ಎಂದರು ಭಾವ, ಅದಕ್ಕಿಂತ ದೊಡ್ಡ ನಷ್ಟ ಯಾರಿಗೂ ಆಗಿಲ್ಲವೆಂಬಂತೆ.

ಅರ್ಧ ಗೇಣಿಲ್ಲದ ಒಂದು ಬೆರಳು ಎಷ್ಟು ಮನೆಗಳ ತೊಲೆಯನ್ನು ಹೊತ್ತು ನಿಂತಿದೆ ಎಂದು ಗೊತ್ತಪ್ಪನಿಗೆ ಆಗ ಅರಿವಾಯಿತು. ಮ್ಯಾನೇಜರ್ ಕನ್ನಡಕ ತೆಗೆದು, ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದರು. "ನೋಡಿ ಇವರೇ, ನಿಮಗೆ ಯಾರೂ ಬಲವಂತ ಮಾಡ್ತಿಲ್ಲ. ಬೆರಳು ಇದ್ದೋರು ನಾಳೆಯಿಂದ ಬರೋದು ಬೇಡ. ಇಲ್ಲದೋರು ಆ ಕಿಟಕಿ ಪಕ್ಕದ ಕುರ್ಚೀಲೇ ಇರ್ತಾರೆ. ನೀವೇ ಯೋಚನೆ ಮಾಡಿ."

ಮೇಡಂ ಬಾಗಿಲ ಬಳಿ ಹೋದರು. ಚಿಲಕ ತೆಗೆದು ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದರು. ಆಚೆ ಹೊಲಿಗೆಯ ಸಾಲು, ನೂರಾರು ತಲೆಗಳು, ಯಂತ್ರಗಳ ಸದ್ದು.

"ಹೀಗೇ ಬನ್ನಿ," ಎಂದರು. "ಏನೂ ಹೇಳೋದು ಬೇಡ. ಅಲ್ಲಿ ನಿಂತು ಕೈ ಎತ್ತಿದ್ರೆ ಸಾಕು."

ಗೊತ್ತಪ್ಪ ಹೊಸ್ತಿಲವರೆಗೆ ಹೋದ. ನಿಜವಾಗಿಯೂ ಹೋದ, ಅಷ್ಟನ್ನು ಅವನ ಲೆಕ್ಕಕ್ಕೆ ಹಾಕಬೇಕು. ಅಲ್ಲಿಂದ ಉಗ್ರಾಣದ ಕಿಟಕಿ ಕಾಣುತ್ತಿತ್ತು, ಕಿಟಕಿಯ ಪಕ್ಕ ಅವನ ಕುರ್ಚಿ ಕಾಣುತ್ತಿತ್ತು, ಕುರ್ಚಿಯ ಬೆನ್ನಿಗೆ ನೇತುಹಾಕಿದ ಊಟದ ಚೀಲ ಕಾಣುತ್ತಿತ್ತು. ಅವನು ತುಂಬ ಹೊತ್ತು ನೋಡಿದ. ಆಮೇಲೆ ಹಿಂದೆ ಬಂದು ಕೂತ. ಮೇಜಿನ ಮೇಲಿದ್ದ ಬಟ್ಟೆಯನ್ನು ಕೈಗೆತ್ತಿಕೊಂಡ.

ಬೆರಳನ್ನು ಮಡಿಸಬೇಕಾಗಿಯೇ ಇರಲಿಲ್ಲ, ಅದೇ ಮಡಿಸಿಕೊಂಡಿತು. ಹತ್ತಿ ಇಟ್ಟ, ಬಟ್ಟೆ ಸುತ್ತಿದ. ಇಷ್ಟು ದಿನ ಹೆಂಡತಿ ಕಟ್ಟುತ್ತಿದ್ದಳು, ಒಂದೇ ಕೈಯಲ್ಲಿ ಕಟ್ಟಿ ಅವನಿಗೆ ಅಭ್ಯಾಸವಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯಲ್ಲಿ ಎಳೆದ. ಗಂಟು ಜಾರಿತು. ಮತ್ತೆ ಎಳೆದ, ಮತ್ತೆ ಜಾರಿತು. ಅಧ್ಯಕ್ಷರು ನೆಲ ನೋಡುತ್ತಿದ್ದರು. ಭಾವ ಕರವಸ್ತ್ರ ಮಡಿಸುತ್ತಿದ್ದರು. ಡಾಕ್ಟರು ಕಿಟಕಿ ಬಿಟ್ಟು ಬರಲಿಲ್ಲ. ಆ ಬೆರಳು ಇಲ್ಲವೆಂದರೆ ಬದುಕುವವರಲ್ಲಿ ಒಬ್ಬರೂ ಅದನ್ನು ಮುಟ್ಟಲು ತಯಾರಿರಲಿಲ್ಲ. ಗೊತ್ತಪ್ಪನ ಕಣ್ಣಿಂದ ನೀರು ಇಳಿದು, ಬಾಯಲ್ಲಿ ಕಚ್ಚಿದ್ದ ಬಟ್ಟೆ ಒದ್ದೆಯಾಯಿತು. ನಾಚಿಕೆಯಿಂದ ಅವನಿಗೆ ಸಾಯುವಂತಾಗಿತ್ತು, ಆದರೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಮೇಡಂ ಬಾಗಿಲು ಬಿಟ್ಟರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಅವನ ಎದುರು ಕುರ್ಚಿ ಎಳೆದುಕೊಂಡು ಕೂತರು. ಅವನ ಹಲ್ಲಿನಿಂದ ಒದ್ದೆ ತುದಿಯನ್ನು ಬಿಡಿಸಿಕೊಂಡು, ಸಡಿಲವಾಗಿದ್ದ ಸುತ್ತುಗಳನ್ನು ಸರಿಪಡಿಸಿ, ಗಂಟು ಹಾಕಿದರು.

"ಬಿಗಿ ಆಯ್ತಾ?" ಎಂದು ಕೇಳಿದರು.

"ಇಲ್ಲ ಮೇಡಂ, ಸರಿಯಾಗಿದೆ," ಎಂದು ಗೊತ್ತಪ್ಪ ಅಳುತ್ತಲೇ ಹೇಳಿದ.